ಹೆದರುವ ಮಗು ಚೆನ್ನಾಗಿ ನೋಡುತ್ತದೆ

ಮೂರು ವರ್ಷದ ಮಗುವಿನ ಎತ್ತರ ಹೆಚ್ಚುಕಡಿಮೆ 95 ಸೆಂಟಿಮೀಟರ್. ದೊಡ್ಡ ತಳಿಯ ನಾಯಿಯ ಹೆಗಲೇ 60 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದು ಕತ್ತೆತ್ತಿತೆಂದರೆ ಬಾಯಿ ಮಗುವಿನ ಮುಖದ ಸಮಕ್ಕೆ ಬರುತ್ತದೆ. ಮೇಲಿನಿಂದ ನೋಡುವ ನಮಗೆ ಕಾಣುವುದು ಬೆನ್ನು, ಕಿವಿ, ಅಲ್ಲಾಡುವ ಬಾಲ. ಮಗುವಿಗೆ ಕಾಣುವುದು ಹಲ್ಲು, ಜೋತುಬಿದ್ದ ನಾಲಿಗೆ. ಕೆನ್ನೆಗೆ ತಾಗುವುದು ಬಿಸಿಯುಸಿರು. ಆ ಪ್ರಾಣಿ ಮಗುವಿಗಿಂತ ಭಾರವಾಗಿರಬಹುದು. ಎಷ್ಟೋ ಪಾಲು ಹೆಚ್ಚು ವೇಗವಾಗಿ ಓಡುತ್ತದೆ, ಇದ್ದಕ್ಕಿದ್ದಂತೆ ಬೊಗಳುತ್ತದೆ, ಮುಂದಿನ ಕ್ಷಣ ಯಾವ ಕಡೆ ತಿರುಗೀತು ಎಂದು ಹೇಳಲಾಗದು. ಈ ಅಳತೆಗಳನ್ನು ಒಮ್ಮೆ ನಮ್ಮ ಮೈಗೆ ಹೊಂದಿಸಿಕೊಂಡರೆ, ಎದೆಯೆತ್ತರದ, ನಮಗಿಂತ ತೂಕದ ಪ್ರಾಣಿಯೊಂದು ನಮ್ಮತ್ತ ಓಡಿಬರುತ್ತಿರುವುದನ್ನು ಊಹಿಸಿಕೊಂಡರೆ, ನಾಯಿಗೆ ಹೆದರುವ ಮಗುವನ್ನು ಪುಕ್ಕಲು ಎಂದು ಕರೆಯಲು ಯಾರಿಗೂ ಬಾಯಿ ಬರಲಾರದು.

ನನ್ನ ತಂಗಿಯ ಮಗಳು ಪುಟ್ಟಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ನಾಯಿಯ ಭಯ ಅವಳ ದಿನಚರಿಯನ್ನೇ ಆಳತೊಡಗಿತ್ತು. ಯಾವ ಮನೆಗೆ ಹೋಗಬೇಕೆಂದರೂ ಮೊದಲ ಪ್ರಶ್ನೆ, ಅಲ್ಲಿ ನಾಯಿ ಇದೆಯೇ ಎಂಬುದು. ದೂರದಲ್ಲೆಲ್ಲೋ ಬೊಗಳಿದ ಸದ್ದು ಕೇಳಿದರೆ ಆಟ ಬಿಟ್ಟು ಒಳಗೆ ಬರುತ್ತಿದ್ದಳು. ನಡೆಯುವಾಗ ನಾಯಿ ಎದುರಾದರೆ ಕೈ ಕೊಸರಿಕೊಂಡು ಓಡುತ್ತಿದ್ದಳು, ಓಡುವಾಗ ವಾಹನಗಳ ಕಡೆ ಅವಳ ಗಮನವೇ ಇರುತ್ತಿರಲಿಲ್ಲ. ನಮ್ಮನ್ನು ನಿಜವಾಗಿ ಕಂಗೆಡಿಸಿದ್ದು ಇದು. ತನ್ನ ಪಾಡಿಗೆ ನೆರಳಲ್ಲಿ ಮಲಗಿದ್ದ ನಾಯಿಯಿಂದ ತಪ್ಪಿಸಿಕೊಳ್ಳಲು ಮಗು ರಸ್ತೆಯ ನಡುವಿಗೆ ನುಗ್ಗುತ್ತದೆ ಎಂದರೆ, ಆ ಭಯ ತಾನಾಗಿ ಕಳೆಯಲಿ ಎಂದು ಕಾಯುತ್ತ ಕೂರಲು ಆಗುವುದಿಲ್ಲ.

ಅವಳಿಗೆ ಯಾವ ನಾಯಿಯೂ ಕಚ್ಚಿರಲಿಲ್ಲ. ಇದು ಅಪರೂಪವೇನೂ ಅಲ್ಲ. ಭಯ ಮೂರು ದಾರಿಗಳಲ್ಲಿ ಬರಬಹುದೆಂದು ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ರಾಕ್‌ಮನ್ 1977ರಲ್ಲಿ ಬರೆದರು: ಸ್ವಂತ ಅನುಭವದಿಂದ, ಇನ್ನೊಬ್ಬರು ಹೆದರುವುದನ್ನು ನೋಡಿ, ಮತ್ತು ಬರಿಯ ಮಾತಿನಿಂದ. ಮೂರನೆಯ ದಾರಿಯನ್ನು ದೊಡ್ಡವರು ಬೇಕೆಂದೇ ತೆರೆಯುತ್ತಾರೆ ಎನ್ನುವುದು ನನಗೆ ಸಿಟ್ಟು ತರಿಸುವ ಸಂಗತಿ. ಊಟ ಮಾಡದಿದ್ದರೆ ನಾಯಿ ಬರುತ್ತದೆ, ಅತ್ತರೆ ನಾಯಿಗೆ ಹಿಡಿದುಕೊಡುತ್ತೇನೆ ಎಂದು ಒಂದು ತುತ್ತಿನ ಸಲುವಾಗಿ ಮಗುವನ್ನು ಬೆದರಿಸುವವರು, ಆ ಮಾತು ಅದರ ಮನಸ್ಸಿನಲ್ಲಿ ಎಷ್ಟು ಕಾಲ ಕೂತಿರುತ್ತದೆ ಎಂದು ಯೋಚಿಸುವುದೇ ಇಲ್ಲ.

ಎರಡನೆಯ ದಾರಿ ಇನ್ನೂ ಸೂಕ್ಷ್ಮವಾದದ್ದು. 1985ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದು ವರ್ಷದ ಕೂಸುಗಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ಮೇಜಿನ ಅರ್ಧ ಭಾಗದಲ್ಲಿ ಗಾಜಿನ ಕೆಳಗೆ ತಗ್ಗು ಇದ್ದಂತೆ ಕಾಣುತ್ತದೆ. ಆ ಅಂಚಿಗೆ ಬಂದ ಕೂಸು ಏನು ಮಾಡಬೇಕೆಂದು ತೋಚದೆ ಎದುರು ನಿಂತ ತಾಯಿಯ ಮುಖ ನೋಡುತ್ತದೆ. ತಾಯಿ ನಗುಮುಖ ತೋರಿಸಿದಾಗ 19 ಕೂಸುಗಳಲ್ಲಿ 14 ಕೂಸುಗಳು ಗಾಜಿನ ಮೇಲೆ ಅಂಬೆಗಾಲಿಡುತ್ತ ದಾಟಿ ಬಂದವು. ತಾಯಿ ಹೆದರಿದ ಮುಖ ತೋರಿಸಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಾತು ಬಾರದ ವಯಸ್ಸಿನಲ್ಲೇ ಮಕ್ಕಳು ಅಪಾಯ ಎಲ್ಲಿದೆ ಎಂಬುದನ್ನು ನಮ್ಮ ಮುಖದಲ್ಲಿ ಓದಿಕೊಳ್ಳುತ್ತಾರೆ.

ಇದನ್ನು ಓದಿದ ಮೇಲೆ ನಾನು ತಂಗಿಯ ಕೈಯನ್ನು ಗಮನಿಸತೊಡಗಿದೆ. ಅವಳಿಗೆ ನಾಯಿಯೆಂದರೆ ಭಯವಿಲ್ಲ. ಆದರೆ ದೂರದಲ್ಲಿ ನಾಯಿ ಕಂಡ ಕೂಡಲೇ, ಇನ್ನು ಮಗು ಅಳುತ್ತದೆ ಎಂಬ ಆತಂಕಕ್ಕೆ ಅವಳ ಹಿಡಿತ ಬಿಗಿಯಾಗುತ್ತಿತ್ತು, ಹೆಜ್ಜೆ ಚುರುಕಾಗುತ್ತಿತ್ತು. ಪುಟ್ಟಿ ನಾಯಿಯನ್ನು ನೋಡುವುದಕ್ಕೂ ಮೊದಲೇ ಅವಳ ಅಂಗೈಗೆ ಸುದ್ದಿ ಮುಟ್ಟಿರುತ್ತಿತ್ತು. ತಂಗಿ ತನ್ನ ಕೈಯನ್ನು ಸಡಿಲವಾಗಿಡುವುದನ್ನು ಕಲಿತಳು. ಕೇಳಲು ಸಣ್ಣದೆನಿಸಿದರೂ ಅಳುವ ಮಗುವಿನ ತಾಯಿಗೆ ಅದು ಸುಲಭದ ಕೆಲಸವಲ್ಲ.

ಮಕ್ಕಳ ಭಯವನ್ನು ಹೇಗೆ ಇಳಿಸಬೇಕೆಂಬ ಪ್ರಶ್ನೆಗೆ ನೂರು ವರ್ಷಗಳ ಹಿಂದೆಯೇ ಒಳ್ಳೆಯ ಉತ್ತರ ಸಿಕ್ಕಿತ್ತು. ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಮಗುವಿನ ಕುರಿತು ಒಂದು ವರದಿ ಪ್ರಕಟಿಸಿದರು. ಅಧ್ಯಯನ ಶುರುವಾದಾಗ ಅವನಿಗೆ ಎರಡು ವರ್ಷ ಹತ್ತು ತಿಂಗಳು. ಬಿಳಿ ಇಲಿ, ಮೊಲ, ತುಪ್ಪಳದ ಕೋಟು, ಹತ್ತಿ ಎಲ್ಲಕ್ಕೂ ಹೆದರುತ್ತಿದ್ದ. ಮೊಲಕ್ಕೆ ಎಲ್ಲಕ್ಕಿಂತ ಹೆಚ್ಚು. ಜೋನ್ಸ್ ಅವನ ಮುಂದೆ ವಾದ ಹೂಡಲಿಲ್ಲ. ಮೊಲಕ್ಕೆ ಹೆದರದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟರು, ಅದೇ ಕೋಣೆಗೆ ಮೊಲವನ್ನು ತಂದರು. ಮೊದಲು ಪಂಜರದಲ್ಲಿ, ದೂರದಲ್ಲಿ. ಆಮೇಲೆ ಅವನು ತಾಳಿಕೊಳ್ಳುವಷ್ಟು ಮಾತ್ರ ಹತ್ತಿರ. ಮುಂದೆ ಒಂದು ಹಂತದಲ್ಲಿ, ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ, ತಿನ್ನುವುದಕ್ಕೆ ಅಡ್ಡಿಯಾಗದಷ್ಟು ಸಮೀಪಕ್ಕೆ ಮೊಲವನ್ನು ತರುತ್ತಿದ್ದರು. ಕೊನೆಗೆ ಪೀಟರ್ ತನ್ನ ಬೆರಳನ್ನು ಮೊಲ ಮೆಲ್ಲಗೆ ಕಚ್ಚಿ ನೋಡಿದರೂ ಬಿಡುತ್ತಿದ್ದ.

ನಾಯಿಯ ವಿಷಯಕ್ಕೇ ಬಂದರೆ, 1967ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಮೂರರಿಂದ ಐದು ವರ್ಷದ, ನಾಯಿಗೆ ಹೆದರುವ 48 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳು ಪಾರ್ಟಿಯ ಸಂಭ್ರಮದ ನಡುವೆ ಕೂತು, ಹೆದರದ ಇನ್ನೊಂದು ಮಗು ದಿನದಿಂದ ದಿನಕ್ಕೆ ನಾಯಿಗೆ ಹತ್ತಿರವಾಗುವುದನ್ನು ನೋಡಿದರು. ಎರಡನೆಯ ಗುಂಪು ಅದನ್ನೇ ಯಾವ ಸಂಭ್ರಮವೂ ಇಲ್ಲದೆ ನೋಡಿತು. ಮೂರನೆಯ ಗುಂಪಿಗೆ ಪಾರ್ಟಿಯೂ ಇತ್ತು, ಕೋಣೆಯಲ್ಲಿ ನಾಯಿಯೂ ಇತ್ತು, ಆದರೆ ಅದರೊಡನೆ ಆಡುವ ಮಗು ಇರಲಿಲ್ಲ. ನಾಲ್ಕನೆಯ ಗುಂಪಿಗೆ ಬರಿಯ ಪಾರ್ಟಿ. ಮೊದಲ ಎರಡು ಗುಂಪಿನ ಮಕ್ಕಳಲ್ಲಿ ಧೈರ್ಯ ಸ್ಪಷ್ಟವಾಗಿ ಹೆಚ್ಚಿತು, ಮತ್ತು ಆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಗುವನ್ನು ರಮಿಸಿ, ನಗಿಸಿ, ತಿಂಡಿ ಕೊಟ್ಟು ನಾಯಿಯ ಬಳಿ ಕೂರಿಸಿದರೆ ಸಾಕು ಎಂದು ನಂಬುವವರಿಗೆ ಇದು ಯೋಚಿಸಬೇಕಾದ ಸಂಗತಿ. ಫಲ ಕೊಟ್ಟದ್ದು ತನ್ನಂಥದೇ ಇನ್ನೊಂದು ಮಗು ಏನು ಮಾಡುತ್ತಿದೆ, ಅದಕ್ಕೆ ನಾಯಿ ಏನು ಮಾಡುತ್ತಿದೆ ಎಂಬುದನ್ನು ಕಣ್ಣಾರೆ, ಸಾವಧಾನವಾಗಿ ನೋಡಿದ್ದು.

ಆ ನೋಡುವಿಕೆಯನ್ನೇ ನಾವು ಹಿಡಿದುಕೊಂಡೆವು. ಪರಿಚಯದವರ ಮನೆಯಲ್ಲಿ ವಯಸ್ಸಾದ ಹೆಣ್ಣುನಾಯಿಯೊಂದಿತ್ತು. ಮೈಮೇಲೆ ಹಾರುವ ಕಾಲ ಅದಕ್ಕೆ ಎಂದೋ ಕಳೆದಿತ್ತು. ಸಂಜೆ ಅದರ ಯಜಮಾನಿ ಹಗ್ಗ ಹಿಡಿದು ಅದನ್ನು ಬಯಲಿಗೆ ಕರೆತರುವಾಗ ನಾನು ಮತ್ತು ಪುಟ್ಟಿ ಆಚೆ ತುದಿಯಲ್ಲಿ ಕೂರುತ್ತಿದ್ದೆವು. ಎಷ್ಟು ದೂರದಲ್ಲಿ ಎಂಬುದನ್ನು ಅವಳೇ ಆರಿಸುತ್ತಿದ್ದಳು. ನನ್ನ ಬಳಿ ಒಂದೇ ಅಳತೆಗೋಲು ಇತ್ತು, ಅದು ಅವಳ ಮಾತು. ಬೇರೆ ಏನನ್ನಾದರೂ ಹರಟುತ್ತಿದ್ದಾಳೆ ಎಂದರೆ ಆ ದೂರ ಸರಿಯಾಗಿದೆ. ಮಾತು ನಿಂತು, ಭುಜ ಮೇಲಕ್ಕೇರಿ, ಬೆರಳು ನನ್ನ ಸೆರಗು ಹುಡುಕಿದರೆ ನಾವು ತುಸು ಹಿಂದಕ್ಕೆ ಸರಿಯಬೇಕು. ಹಿಂದೆ ಸರಿಯುವುದು ಸೋಲೆಂದು ಅವಳಿಗೆ ಅನ್ನಿಸದಿರಲು ನಾನೇ ಮೊದಲು ಎದ್ದು ಜಾಗ ಬದಲಿಸುತ್ತಿದ್ದೆ.

ಅಲ್ಲಿ ಕೂತು ನಾವು ಮಾಡುತ್ತಿದ್ದುದು ವರದಿ ಒಪ್ಪಿಸುವ ಆಟ. ಈಗ ಬಾಲ ಎಲ್ಲಿದೆ? ಕಿವಿ ಮುಂದಕ್ಕಿದೆಯೇ, ಹಿಂದಕ್ಕಿದೆಯೇ? ಬಾಯಿ ತೆರೆದಿದೆಯೇ? ಈಗ ಯಾವುದನ್ನು ಮೂಸುತ್ತಿದೆ? ಶುರುವಿನಲ್ಲಿ ಅವಳ ಉತ್ತರ ಎಲ್ಲಕ್ಕೂ ಒಂದೇ, "ಕಚ್ಚುತ್ತದೆ". ಬರಬರುತ್ತ ಉತ್ತರಗಳು ಬೇರೆಬೇರೆಯಾದವು. ಒಂದು ಸಂಜೆ ಅವಳು, "ದೊಡ್ಡಮ್ಮ, ಆ ಅಜ್ಜ ಬಂದಾಗೆಲ್ಲ ಅದು ಮುಖ ಆಚೆ ತಿರುಗಿಸುತ್ತದೆ. ಅದಕ್ಕೆ ಅವರ ಕೋಲು ಇಷ್ಟವಿಲ್ಲ" ಎಂದಳು. ಯಜಮಾನಿಗೆ ಹೇಳಿದಾಗ ಅವರು ಆಶ್ಚರ್ಯಪಟ್ಟರು. ಇಷ್ಟು ವರ್ಷ ಸಾಕಿದ ಅವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಕೋಲನ್ನು ಬೆನ್ನ ಹಿಂದೆ ಹಿಡಿದು ಅಜ್ಜ ನಡೆದುಬಂದರು, ನಾಯಿ ಬಾಲ ಅಲ್ಲಾಡಿಸುತ್ತ ಅವರ ಕಡೆ ಹೋಯಿತು. ಪುಟ್ಟಿ ಮಾತಾಡದೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಹೆಮ್ಮೆ ತುಂಬಿತ್ತು.

ಹೆದರುವ ಮಕ್ಕಳ ಬಗ್ಗೆ ನನ್ನ ನಂಬಿಕೆ ಗಟ್ಟಿಯಾದದ್ದು ಅಂದು. ನಾಯಿ ಕಂಡರೆ ಓಡಿಹೋಗಿ ಅಪ್ಪಿಕೊಳ್ಳುವ ಮಗುವಿಗೆ ನಾಯಿ ಏನು ಹೇಳುತ್ತಿದೆ ಎಂದು ನೋಡುವ ವ್ಯವಧಾನವೇ ಇರುವುದಿಲ್ಲ. ಹೆದರುವ ಮಗುವಾದರೋ ಆ ಪ್ರಾಣಿಯ ಮೇಲಿಂದ ಕಣ್ಣು ಕೀಳುವುದಿಲ್ಲ. ಅಷ್ಟು ಎಚ್ಚರದ ನೋಟ ಆಗಲೇ ಅದರ ಬಳಿ ಇದೆ, ಏನನ್ನು ನೋಡಬೇಕೆಂದು ಹೇಳಿಕೊಡುವವರು ಮಾತ್ರ ಬೇಕು. ಭಯ ಬಿಡು ಎಂದು ಒತ್ತಾಯಿಸುವ ಬದಲು ಆ ನೋಟಕ್ಕೆ ಕೆಲಸ ಕೊಟ್ಟರೆ, ಮಗುವಿನ ಮನಸ್ಸಿನಲ್ಲಿ ನಾಯಿ ಎಂಬ ಒಂದೇ ದೊಡ್ಡ ಅಪಾಯ ಒಡೆದು, ಮಲಗಿರುವ ನಾಯಿ, ಮೂಸುತ್ತಿರುವ ನಾಯಿ, ಆಡಬಯಸುವ ನಾಯಿ, ಬೇಸರಗೊಂಡ ನಾಯಿ ಎಂದು ಬೇರೆಬೇರೆಯಾಗುತ್ತದೆ. ಇವುಗಳಲ್ಲಿ ಯಾವುದಕ್ಕೆ ದೂರ ಇರಬೇಕೆಂದು ಆಗ ಮಗುವೇ ನಿರ್ಧರಿಸಬಲ್ಲದು.

ಹೇಳಿಕೊಡಬೇಕಾದದ್ದು ಬೇಕಾದಷ್ಟಿದೆ, ದೊಡ್ಡವರಿಗೂ ಎಲ್ಲವೂ ತಿಳಿದಿರುವುದಿಲ್ಲ. ಬಾಲ ಅಲ್ಲಾಡುತ್ತಿದ್ದರೆ ನಾಯಿ ಖುಷಿಯಾಗಿದೆ ಎನ್ನುವುದು ಅರ್ಧ ಸತ್ಯ. ಮೈಯೆಲ್ಲ ಸಡಿಲವಾಗಿ ಸೊಂಟದಿಂದಲೇ ಬಳುಕುತ್ತ ಬಾಲ ಅಲ್ಲಾಡಿದರೆ ಅದು ಸ್ನೇಹ. ಮೈ ಬಿಗಿದು, ಬಾಲ ನೆಟ್ಟಗೆ ನಿಮಿರಿ, ತುದಿ ಮಾತ್ರ ವೇಗವಾಗಿ ಅದುರುತ್ತಿದ್ದರೆ ಹತ್ತಿರ ಹೋಗಬಾರದು. ನಿದ್ದೆ ಬಾರದಿರುವಾಗಲೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿರುವಾಗ ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಿನಿಂದ ನೋಡುವುದು, ಇವೆಲ್ಲ ನನಗೆ ಕಸಿವಿಸಿಯಾಗುತ್ತಿದೆ ಎಂದು ನಾಯಿ ಹೇಳುವ ರೀತಿಗಳು. ಗುರುಗುಟ್ಟಿದರೆ ನಾಯಿಯನ್ನು ಬೈಯುವವರಿದ್ದಾರೆ. ಬೈಸಿಕೊಂಡ ನಾಯಿ ಗುರುಗುಟ್ಟುವುದನ್ನು ಬಿಟ್ಟೀತು, ಆದರೆ ಕಸಿವಿಸಿ ಹಾಗೇ ಉಳಿಯುತ್ತದೆ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚಲೂಬಹುದು. ಗುರುಗುಟ್ಟುವುದು ನಾಯಿ ನಮಗೆ ಮಾಡುವ ಉಪಕಾರ ಎಂದು ಪುಟ್ಟಿಗೆ ಹೇಳಿದೆ, ಅವಳು ಒಪ್ಪಿಕೊಂಡಳು.

ನಾಯಿ ಹತ್ತಿರ ಬಂದರೆ ಓಡಬಾರದು ಎಂಬುದನ್ನು ನಾಯಿಯಿಲ್ಲದ ಹೊತ್ತಿನಲ್ಲಿ, ಮನೆಯೊಳಗೆ, ಆಟವಾಗಿಯೇ ಕಲಿಸಬೇಕು. ಮರದ ಹಾಗೆ ನಿಲ್ಲುವ ಆಟ ಅದು: ಕಾಲು ನೆಲಕ್ಕೂರಿ, ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡು, ತನ್ನ ಪಾದವನ್ನೇ ನೋಡುತ್ತ ಸದ್ದಿಲ್ಲದೆ ನಿಲ್ಲುವುದು. ಓಡಿದರೆ, ಕಿರುಚಿದರೆ, ಕೈ ಬೀಸಿದರೆ ನಾಯಿಗೆ ಅಟ್ಟಿಸಿಕೊಂಡು ಬರುವ ಹುರುಪು ಬರುತ್ತದೆ. ಅಲ್ಲಾಡದೆ ನಿಂತವರನ್ನು ಬಹುತೇಕ ನಾಯಿಗಳು ಮೂಸಿ ಮುಂದೆ ಹೋಗುತ್ತವೆ. ನಾನು ನಾಯಿಯಾಗಿ ಮಂಡಿಯೂರಿ ಪುಟ್ಟಿಯನ್ನು ಎಷ್ಟೋ ಸಲ ಮೂಸಿದ್ದೇನೆ. ಭಯ ಹುಟ್ಟಿದ ಕ್ಷಣದಲ್ಲಿ ದೇಹಕ್ಕೆ ಮಾಡಲು ಒಂದು ಕೆಲಸ ಸಿಕ್ಕಿದರೆ ಮನಸ್ಸು ಅದರ ಹಿಂದೆ ಬರುತ್ತದೆ ಎನ್ನುವುದನ್ನು ಅವಳಲ್ಲಿ ಕಂಡಿದ್ದೇನೆ.

ಮಾಡಬಾರದ ಕೆಲವು ಸಂಗತಿಗಳನ್ನು ನೇರವಾಗಿ ಹೇಳಿಬಿಡುತ್ತೇನೆ. ಮಗುವಿನ ಕೈ ಹಿಡಿದೆಳೆದು ನಾಯಿಯ ತಲೆಯ ಮೇಲೆ ಇಡಬೇಡಿ. ಅದು ಮಗುವಿಗೆ ಒಲ್ಲದ್ದು, ಎಷ್ಟೋ ನಾಯಿಗಳಿಗೂ ಒಲ್ಲದ್ದು. ನಾಯಿ ಬಂದ ಕೂಡಲೇ ಮಗುವನ್ನು ಎತ್ತಿ ಮೇಲೆ ಹಿಡಿಯುವುದು ತೀರಾ ಸಹಜ. ಆದರೆ ಅಪಾಯವಿಲ್ಲದ ಸಂದರ್ಭದಲ್ಲಿ ಹಾಗೆ ಮಾಡಿದರೆ ಅಪಾಯವಿದೆ ಎಂದು ಹೇಳಿದಂತಾಗುತ್ತದೆ, ಮೇಲಕ್ಕೆ ಹೋದದ್ದೇನೆಂದು ನೋಡಲು ನಾಯಿಯೂ ಹಾರಬಹುದು. ಮಗುವಿನ ಮುಂದೆ ಬಾಗಿ, ನಾಯಿ ಮತ್ತು ಮಗುವಿನ ನಡುವೆ ನಿಮ್ಮ ದೇಹವನ್ನು ತಂದರೆ ಸಾಕು. ಇನ್ನೊಂದು, ಭಯ ಹೋಗಲಿ ಎಂದು ಮರಿಯೊಂದನ್ನು ಮನೆಗೆ ತರುವುದು. ಮರಿ ಮುದ್ದಾಗಿರುವುದು ನಿಜ. ಆದರೆ ಅದು ಹಾರುತ್ತದೆ, ಬಟ್ಟೆ ಎಳೆಯುತ್ತದೆ, ಸೂಜಿಯಂಥ ಹಲ್ಲುಗಳಿಂದ ಕೈಕಾಲು ಕಚ್ಚುತ್ತದೆ. ಮಗು ಯಾವುದಕ್ಕೆ ಹೆದರುತ್ತದೆಯೋ ಅದೆಲ್ಲವನ್ನೂ ದಿನವಿಡೀ ಮಾಡುವ ಪ್ರಾಣಿಯನ್ನು ತಂದು ಮನೆಯಲ್ಲಿಟ್ಟಂತೆ. ಆ ಮರಿಗಾದರೂ ಯಾರದೋ ಭಯ ಕಳೆಯುವ ಹೊಣೆ ಏಕೆ?

ಕಳೆದ ಭಯ ಮರಳಿ ಬರುತ್ತದೆ. ಇದಕ್ಕೆ ತಯಾರಾಗಿರದ ತಂದೆತಾಯಿ ಬೇಗ ಎದೆಗುಂದುತ್ತಾರೆ. ಮೇರಿ ಕವರ್ ಜೋನ್ಸ್ ಅವರ ಪೀಟರ್‌ಗೂ ಹೀಗೇ ಆಯಿತು. ಅವನು ಸಾಕಷ್ಟು ಸುಧಾರಿಸಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಗುಣವಾಗಿ ಹೊರಟ ದಿನ ಆಸ್ಪತ್ರೆಯ ಬಾಗಿಲಲ್ಲಿ, ದಾದಿಯ ಜೊತೆ ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಅವರ ಮೇಲೆ ಹಾರಿತು. ದಾದಿಯೂ ಬೆದರಿದಳು. ಮತ್ತೆ ಮೊಲವನ್ನು ತೋರಿಸಿದಾಗ ಪೀಟರ್‌ನ ಭಯ ಮೊದಲಿನ ಮಟ್ಟಕ್ಕೇ ಮರಳಿತ್ತು. ಹಾರಿದ್ದು ನಾಯಿ, ಹಾಳಾದದ್ದು ಮೊಲದೊಂದಿಗಿನ ಸ್ನೇಹ. ನಾನು ಮೇಲೆ ಹೇಳಿದ, ತಿನಿಸಿನ ಜೊತೆ ಮೊಲವನ್ನು ಹತ್ತಿರ ತರುವ ಉಪಾಯವನ್ನು ಜೋನ್ಸ್ ಬಳಸಿದ್ದು ಇದರ ನಂತರವೇ. ಮಗು ಎರಡನೆಯ ಸಲವೂ ಕಲಿಯಿತು.

ಹಳೆಯ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಅನುಭವವೊಂದು ಕೂರುತ್ತದೆ ಎಂದು ಇಂದಿನ ಸಂಶೋಧಕರು ಹೇಳುತ್ತಾರೆ. ಜಾಗ ಬದಲಾದರೆ, ನಾಯಿ ಬದಲಾದರೆ, ಬಹಳ ದಿನ ಬಿಟ್ಟುಹೋದರೆ ಹಳೆಯದು ತಲೆಯೆತ್ತುತ್ತದೆ. ಆದ್ದರಿಂದ ಒಂದೇ ನಾಯಿಯ ಜೊತೆ ಒಂದೇ ಜಾಗದಲ್ಲಿ ಸಾಧಿಸಿದ ಧೈರ್ಯವನ್ನು ಬೇರೆ ನಾಯಿ, ಬೇರೆ ಜಾಗಗಳಲ್ಲಿ ಮತ್ತೆ ಕಟ್ಟಬೇಕಾಗುತ್ತದೆ. ಆ ವಯಸ್ಸಾದ ನಾಯಿಯ ಬೆನ್ನು ನೇವರಿಸುವಷ್ಟು ಮುಂದುವರಿದಿದ್ದ ಪುಟ್ಟಿ, ಬೇರೊಂದು ಬೀದಿಯಲ್ಲಿ ಕಪ್ಪು ನಾಯಿಯೊಂದು ಬೊಗಳಿದಾಗ ಮತ್ತೆ ಓಡಿದಳು. ಮರುದಿನ ನಾವು ಬಯಲಿನ ಆಚೆ ತುದಿಯಿಂದಲೇ ಶುರುಮಾಡಿದೆವು. ಈ ಸಲ ಹೆಚ್ಚು ದಿನ ಹಿಡಿಯಲಿಲ್ಲ.

ಭಯವನ್ನು ಸಂಪೂರ್ಣ ಕಳೆಯಬೇಕೆಂದು ನಾನು ಬಯಸಿದವಳಲ್ಲ. ಮಕ್ಕಳಿಗೆ ಕಚ್ಚುವ ನಾಯಿ ಅವರಿಗೆ ಪರಿಚಯವಿರುವ ನಾಯಿಯೇ ಆಗಿರಬಹುದು, ಮತ್ತು ಚಿಕ್ಕ ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ತಲೆ, ಮುಖ, ಕುತ್ತಿಗೆಗೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇಕಡಾ 99ರಷ್ಟು ನಾಯಿಗಳಿಂದಲೇ ಹರಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ತೀರಾ ವಿರಳ. ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ವೈದ್ಯರ ಬಳಿ ಹೋಗಬೇಕು, ಲಸಿಕೆಯನ್ನು ಪೂರ್ತಿ ಹಾಕಿಸಬೇಕು. ನಾಯಿ ಮುಟ್ಟಿದ ವಿಷಯವನ್ನು ಹೇಳಿದರೆ ಬೈಗುಳ ತಿನ್ನಬೇಕಾಗುತ್ತದೆ ಎಂದು ಹೆದರುವ ಮಗು ಗಾಯವನ್ನು ಮುಚ್ಚಿಡುತ್ತದೆ. ಹಾಗಾಗಿ ಪರಚಿದ್ದನ್ನು ಬಂದು ಹೇಳಿದ ಮಗುವಿಗೆ ಮೊದಲು ಮೆಚ್ಚುಗೆ ಸಿಗಬೇಕು. ತಿನ್ನುತ್ತಿರುವ ನಾಯಿ, ಮಲಗಿರುವ ನಾಯಿ, ಮರಿಗಳ ಜೊತೆಗಿರುವ ತಾಯಿನಾಯಿ, ಕಟ್ಟಿಹಾಕಿದ ನಾಯಿ ಇವುಗಳ ಹತ್ತಿರ ಹೋಗಬಾರದು ಎಂಬ ನಿಯಮ ಧೈರ್ಯವಂತ ಮಕ್ಕಳಿಗೂ ಬೇಕು. ಅದೇ ರೀತಿ ಮಗುವಿನ ಭಯ ಆರು ತಿಂಗಳು ದಾಟಿಯೂ ಇಳಿಯದೆ, ಶಾಲೆಗೆ, ಆಟಕ್ಕೆ, ನಿದ್ದೆಗೆ ಅಡ್ಡಬರುತ್ತಿದ್ದರೆ ಮಕ್ಕಳ ಮನೋತಜ್ಞರನ್ನು ಕಾಣಬೇಕು. ಇಂಥ ಭಯಗಳಿಗೆ ಅವರ ಬಳಿ ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆಗಳಿವೆ.

ಪುಟ್ಟಿ ಈಗ ಶಾಲೆಗೆ ಹೋಗುತ್ತಾಳೆ. ನಾಯಿಯೆಂದರೆ ಅವಳಿಗೆ ಪ್ರೀತಿ ಉಕ್ಕುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಗೆಳತಿಯ ಮನೆಯ ಬಾಗಿಲಲ್ಲಿ ನಿಂತು, "ಆಂಟಿ, ಅದನ್ನು ಒಳಗೆ ಕಟ್ಟಿ, ಆಮೇಲೆ ಬರುತ್ತೇನೆ" ಎಂದು ಕೇಳುತ್ತಾಳೆ. ಕಟ್ಟಿದ ಮೇಲೆ ಒಳಗೆ ಹೋಗಿ ಆಡುತ್ತಾಳೆ. ರಸ್ತೆಯಲ್ಲಿ ನಾಯಿ ಎದುರಾದರೆ ನಿಲ್ಲುತ್ತಾಳೆ, ಬಾಲ, ಕಿವಿ, ಬಾಯಿ ನೋಡುತ್ತಾಳೆ, ದಾರಿ ಬದಲಿಸಬೇಕೇ ಬೇಡವೇ ಎಂದು ಅವಳೇ ತೀರ್ಮಾನಿಸುತ್ತಾಳೆ. ಮುದ್ದಿಸುವ ಮನಸ್ಸಾದರೆ ಯಜಮಾನರನ್ನು ಕೇಳಿ, ಪಕ್ಕದಲ್ಲಿ ನಿಂತು, ನಾಯಿ ತಾನಾಗಿ ಹತ್ತಿರ ಬರುವವರೆಗೆ ಕಾದು, ಹೆಗಲ ಬಳಿ ಒಂದೆರಡು ಸಲ ನೇವರಿಸಿ ಕೈ ಹಿಂದೆ ತೆಗೆದುಕೊಳ್ಳುತ್ತಾಳೆ. ನಾಯಿ ಇನ್ನೂ ಬೇಕು ಎಂದು ಮೈ ಒರಗಿಸಿದರೆ ಮಾತ್ರ ಮುಂದುವರಿಸುತ್ತಾಳೆ.

ನಾಯಿ ಸಾಕಿರುವವರಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ನಾಯಿಯನ್ನು ಕಂಡು ಮಗುವೊಂದು ತಾಯಿಯ ಹಿಂದೆ ಅಡಗಿದಾಗ, "ಅದು ಏನೂ ಮಾಡುವುದಿಲ್ಲ" ಎನ್ನುತ್ತ ಅದನ್ನು ಹತ್ತಿರಕ್ಕೆ ಬಿಡಬೇಡಿ. ನಿಮ್ಮ ಮಾತು ನಿಜವೇ ಇರಬಹುದು, ಆದರೆ ಮಗು ನಿಮ್ಮ ಮಾತನ್ನು ನಂಬಲು ನೀವು ಅದಕ್ಕೆ ಅಪರಿಚಿತರು. ನಾಯಿಯನ್ನು ಹತ್ತಿರಕ್ಕೆ ಕರೆದುಕೊಳ್ಳಿ, ಹಗ್ಗವನ್ನು ಗಿಡ್ಡವಾಗಿ ಹಿಡಿಯಿರಿ, ಪಕ್ಕಕ್ಕೆ ಸರಿದು ಅದನ್ನು ಕೂರಿಸಿ. ಆಮೇಲೆ ಮಗುವಿನ ಕಡೆ ತಿರುಗಿ, "ನಾನು ಹಿಡಿದುಕೊಂಡಿದ್ದೇನೆ, ನೀನು ಹೋಗು ಮರಿ" ಎಂದು ಹೇಳಿ, ಅದು ದಾಟಿ ಹೋಗುವವರೆಗೂ ಹಿಡಿದುಕೊಂಡೇ ಇರಿ.